ಗಡ್ಡೆಯಷ್ಟನ್ನೇ ತೆಗೆಸಲೇ, ಇಡೀ ಸ್ತನವನ್ನೇ ತೆಗೆಸಲೇ?

ಮುಗಿಲು ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನನಗೆ 47 ವರ್ಷ. ತಿಂಗಳ ಹಿಂದೆ ಎಡ ಸ್ತನದ ಮೇಲ್ಭಾಗದಲ್ಲಿ, ಕಂಕುಳಿಗೆ ಹತ್ತಿರವಾಗಿ, ಒಂದು ಗಂಟು ಕೈಗೆ ಸಿಕ್ಕಿತು. ಮ್ಯಾಮೊಗ್ರಾಮ್, ಅಲ್ಟ್ರಾಸೌಂಡ್, ಸೂಜಿ ಬಯಾಪ್ಸಿ ಎಲ್ಲ ಮುಗಿದು ಈಗ ವರದಿ ಕೈಯಲ್ಲಿದೆ. ಗಡ್ಡೆಯ ಅಳತೆ 1.8 ಸೆಂಟಿಮೀಟರ್. ಹಾಲಿನ ನಾಳದಲ್ಲಿ ಹುಟ್ಟಿ ಅದರ ಗೋಡೆಯನ್ನು ದಾಟಿರುವ ಬಗೆಯ ಕ್ಯಾನ್ಸರ್ ಎಂದು ಬರೆದಿದ್ದಾರೆ. ಹಾರ್ಮೋನ್ ಪರೀಕ್ಷೆ ಪಾಸಿಟಿವ್ (ಎಂದರೆ ಗಡ್ಡೆ ಹಾರ್ಮೋನಿನ ಬಲದಿಂದ ಬೆಳೆಯುವಂಥದ್ದು), ಹರ್-2 (ಗಡ್ಡೆಯನ್ನು ವೇಗವಾಗಿ ಬೆಳೆಸುವ ಒಂದು ಪ್ರೋಟೀನ್) ನೆಗೆಟಿವ್. ಸ್ತನದ ಕ್ಯಾನ್ಸರ್ ಸಾಮಾನ್ಯವಾಗಿ ಮೊದಲು ಹರಡುವ ಕಂಕುಳಿನ ಗ್ರಂಥಿಗಳು ಸ್ಕ್ಯಾನಿನಲ್ಲಿ ಸಹಜವಾಗಿಯೇ ಕಾಣಿಸಿವೆ.

ಕಳೆದ ವಾರ ಶಸ್ತ್ರವೈದ್ಯರನ್ನು ಕಂಡೆ. ಅವರು ಚೀಟಿಯ ಹಿಂಬದಿಯಲ್ಲಿ ಎರಡು ವೃತ್ತಗಳನ್ನು ಬರೆದರು. ಒಂದರೊಳಗೆ ಚುಕ್ಕಿಯಿಟ್ಟು ಅದರ ಸುತ್ತ ಗೆರೆಯೆಳೆದು, "ಇಷ್ಟನ್ನು ತೆಗೆದು ಆಮೇಲೆ ರೇಡಿಯೇಷನ್ ಕೊಡಬಹುದು" ಎಂದರು. ಇನ್ನೊಂದನ್ನು ಅಡ್ಡಗೆರೆಯಿಂದ ಹೊಡೆದುಹಾಕಿ, "ಇಲ್ಲವೇ ಇಡೀ ಸ್ತನವನ್ನು ತೆಗೆಯಬಹುದು. ಆಯುಷ್ಯದ ದೃಷ್ಟಿಯಿಂದ ಎರಡೂ ಒಂದೇ. ನೀವು ಯೋಚಿಸಿ ಹೇಳಿ" ಎಂದರು. ಅಲ್ಲಿಗೆ ಮಾತು ಮುಗಿಯಿತು, ಏಕೆಂದರೆ ಆ ಹೊತ್ತಿಗೆ ನನಗೆ ಏನು ಕೇಳಬೇಕೆಂಬುದೇ ತೋಚಲಿಲ್ಲ. ಆ ಚೀಟಿ ಈಗಲೂ ಊಟದ ಮೇಜಿನ ಮೇಲೆಯೇ ಇದೆ; ಯಾರೂ ಅದನ್ನು ಎತ್ತಿಡುತ್ತಿಲ್ಲ.

ಎರಡೂ ಒಂದೇ ಆಗಿದ್ದರೆ ಎರಡು ದಾರಿ ಏಕಿರಬೇಕು ಎಂಬುದು ನನ್ನ ಮೊದಲ ಗೊಂದಲ. "ಸ್ತನವೇ ಇಲ್ಲದಿದ್ದರೆ ಅದು ಮರಳಿ ಬರುವುದಾದರೂ ಎಲ್ಲಿಗೆ? ಪೂರ್ತಿ ತೆಗೆಸಿ ನಿಶ್ಚಿಂತಳಾಗು" ಎನ್ನುತ್ತಾಳೆ ಅಕ್ಕ. ಅವಳ ಮಾತು ಎಷ್ಟು ಸರಳವಾಗಿದೆಯೆಂದರೆ, ಅದಕ್ಕೆ ಎದುರಾಡಲು ನನ್ನ ಬಳಿ ಏನೂ ಇಲ್ಲ. "ನಿನ್ನ ಮನಸ್ಸಿಗೆ ಬಂದಂತೆ ಮಾಡು, ನನಗೆ ನೀನು ಇದ್ದರೆ ಸಾಕು" ಎನ್ನುತ್ತಾರೆ ಗಂಡ. ಪ್ರೀತಿಯಿಂದಲೇ ಹೇಳಿದ ಮಾತದು ಎಂದು ಗೊತ್ತಿದ್ದರೂ, ಅದನ್ನು ಕೇಳಿದ ಮೇಲೆ ನಾನು ಇನ್ನಷ್ಟು ಒಂಟಿಯಾದೆ. ಪರಿಚಯದ ಒಬ್ಬರು ಒಂದೇ ಕಡೆ ಗಡ್ಡೆಯಿದ್ದರೂ ಎರಡೂ ಸ್ತನಗಳನ್ನು ತೆಗೆಸಿಕೊಂಡು, ಅದೇ ಜಾಣತನ ಎನ್ನುತ್ತಿದ್ದಾರೆ.

ಶಸ್ತ್ರಕ್ರಿಯೆಗೆ ಗೊತ್ತುಮಾಡಿದ ದಿನಕ್ಕೆ ಇನ್ನು ಹನ್ನೆರಡು ದಿನಗಳಿವೆ. ಈ ದಾರಿಯಲ್ಲಿ ನಡೆದವರು ಯಾವುದನ್ನು ಹೇಗೆ ತೂಗಿ ನೋಡಿದಿರಿ? ಆಗ ತಿಳಿಯದೆ ಹೋಗಿ, ಆಮೇಲೆ ತಿಳಿದದ್ದು ಏನು? ಧೈರ್ಯದ ಮಾತುಗಳು ಮನೆಯಲ್ಲಿ ಸಾಕಷ್ಟು ಸಿಗುತ್ತಿವೆ, ಇಲ್ಲಿ ದಯವಿಟ್ಟು ವಿಷಯವನ್ನಷ್ಟೇ ಹೇಳಿ.

ಹಳೆಯ ಕತ್ತರಿ ಉತ್ತರಿಸಿದ್ದಾರೆ:

ನಾನು ನಿವೃತ್ತ ಶಸ್ತ್ರವೈದ್ಯ. ನಿಮ್ಮನ್ನು ಪರೀಕ್ಷಿಸಿದವನಲ್ಲವಾದ್ದರಿಂದ ನಿಮಗೆ ಯಾವುದು ಸರಿಯೆಂದು ಹೇಳಲಾರೆ. ಆದರೆ "ಎರಡೂ ಒಂದೇ" ಎಂಬ ಮಾತನ್ನು ನಾನೂ ಲೆಕ್ಕವಿಲ್ಲದಷ್ಟು ಸಲ ಹೇಳಿ ಮುಂದಿನ ರೋಗಿಯನ್ನು ಕರೆದವನೇ ಆಗಿರುವುದರಿಂದ, ಆ ಮಾತಿನ ಒಳಗೇನಿದೆ ಎಂಬುದನ್ನು ಬಿಡಿಸಿ ಹೇಳುವ ಋಣ ನನ್ನ ಮೇಲಿದೆ.

ನಿಮ್ಮ ಅಕ್ಕನವರ ತರ್ಕದಿಂದಲೇ ತೊಡಗುತ್ತೇನೆ. 19ನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ರೂಢಿಗೆ ತಂದ ಶಸ್ತ್ರಕ್ರಿಯೆಯಲ್ಲಿ ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ಗ್ರಂಥಿಗಳು ಎಲ್ಲವನ್ನೂ ಒಟ್ಟಿಗೇ ತೆಗೆಯುತ್ತಿದ್ದರು. ಕ್ಯಾನ್ಸರ್ ಹುಟ್ಟಿದ ಜಾಗದಿಂದ ಸುತ್ತಲೂ ಮೆಲ್ಲಮೆಲ್ಲನೆ ಹಬ್ಬುತ್ತದೆ, ಆದ್ದರಿಂದ ಎಷ್ಟು ಅಗಲಕ್ಕೆ ಕತ್ತರಿಸಿದರೆ ಅಷ್ಟು ಕ್ಷೇಮ ಎಂಬ ನಂಬಿಕೆ ಅದರ ಹಿಂದಿತ್ತು. ಅಕ್ಕ ಹೇಳುತ್ತಿರುವುದೂ ಅದನ್ನೇ. ವೈದ್ಯಲೋಕವೇ ಮುಕ್ಕಾಲು ಶತಮಾನ ನಂಬಿದ ಮಾತು ಅದು, ಅದನ್ನು ಅಜ್ಞಾನವೆಂದು ತಳ್ಳಿಹಾಕಬೇಡಿ.

ಆ ನಂಬಿಕೆಯನ್ನು ಒರೆಗೆ ಹಚ್ಚಿದ್ದು 1970ರ ದಶಕದಲ್ಲಿ. ಇಟಲಿಯ ಮಿಲಾನ್‌ನಲ್ಲಿ ಉಂಬರ್ಟೊ ವೆರೊನೇಸಿಯವರು 1973ರಿಂದ 1980ರವರೆಗೆ, ಎರಡು ಸೆಂಟಿಮೀಟರಿಗಿಂತ ದೊಡ್ಡದಲ್ಲದ ಗಡ್ಡೆಯಿದ್ದ 701 ಮಹಿಳೆಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಹಾಲ್‌ಸ್ಟೆಡ್ ಶಸ್ತ್ರಕ್ರಿಯೆಯನ್ನೂ ಇನ್ನೊಂದಕ್ಕೆ ಸ್ತನದ ಕಾಲುಭಾಗ ತೆಗೆದು ರೇಡಿಯೇಷನನ್ನೂ ಕೊಟ್ಟರು. ಯಾರಿಗೆ ಯಾವುದೆಂಬುದು ಚೀಟಿಯೆತ್ತಿದಂತೆ ನಿರ್ಧಾರವಾಗುತ್ತಿತ್ತು. ಅಮೆರಿಕದಲ್ಲಿ ಬರ್ನಾರ್ಡ್ ಫಿಶರ್ ಅವರ ತಂಡ 1976ರಲ್ಲಿ ಇನ್ನೂ ದೊಡ್ಡ ಪ್ರಯೋಗವನ್ನು ಆರಂಭಿಸಿತು; ಅದರಲ್ಲಿ ಕೊನೆಯವರೆಗೆ ಲೆಕ್ಕಕ್ಕೆ ಸಿಕ್ಕವರು 1,851 ಮಂದಿ. ಎರಡೂ ಪ್ರಯೋಗಗಳ 20 ವರ್ಷಗಳ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಬದುಕುಳಿದವರ ಪ್ರಮಾಣದಲ್ಲಿ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ. ನಿಮ್ಮ ವೈದ್ಯರು ಹೇಳಿದ "ಒಂದೇ" ಎಂಬುದರ ಅರ್ಥ ಇಷ್ಟೇ, ಮತ್ತು ಅದು ಗಟ್ಟಿಯಾದ ಅರ್ಥ.

ಆದರೆ ಎಲ್ಲವೂ ಒಂದೇ ಆಗಿರಲಿಲ್ಲ. ಮಿಲಾನ್‌ನಲ್ಲಿ ಅದೇ ಜಾಗದ ಸುತ್ತಮುತ್ತ ಕ್ಯಾನ್ಸರ್ ಮರುಕಳಿಸಿದ್ದು ಸ್ತನ ಉಳಿಸಿಕೊಂಡವರಲ್ಲಿ ಶೇ. 8.8, ತೆಗೆಸಿಕೊಂಡವರಲ್ಲಿ ಶೇ. 2.3. ಫಿಶರ್ ಅವರ ಪ್ರಯೋಗದಲ್ಲಿ ಗಡ್ಡೆ ತೆಗೆದು ರೇಡಿಯೇಷನ್ ಪಡೆದವರಲ್ಲಿ ಶೇ. 14.3ರಷ್ಟು ಮಂದಿಗೆ ಅದೇ ಸ್ತನದಲ್ಲಿ ಮತ್ತೆ ಬಂತು. ರೇಡಿಯೇಷನ್ ಪಡೆಯದವರಲ್ಲಿ ಶೇ. 39.2ರಷ್ಟು ಮಂದಿಗೆ. ಇವು ಹಳೆಯ ಕಾಲದ ಅಂಕಿಗಳು. ಈಗ ಹಾರ್ಮೋನ್ ಮಾತ್ರೆಗಳು (ಗಡ್ಡೆಗೆ ಹಾರ್ಮೋನಿನ ಬಲ ಸಿಗದಂತೆ ತಡೆಯುವವು), ಸುಧಾರಿಸಿದ ಕೀಮೋ, ಉತ್ತಮ ಸ್ಕ್ಯಾನ್‌ಗಳು ಇರುವುದರಿಂದ ಸ್ತನದಲ್ಲೇ ಮರಳುವ ಪ್ರಮಾಣ ಬಹಳ ಇಳಿದಿದೆ. ಆದರೂ ಎರಡು ಸಂಗತಿಗಳು ಹಾಗೇ ಉಳಿದಿವೆ. ನಿಮ್ಮಂಥವರಲ್ಲಿ ಸ್ತನ ಉಳಿಸಿಕೊಳ್ಳುವುದೆಂದರೆ ರೇಡಿಯೇಷನನ್ನೂ ಒಪ್ಪಿಕೊಂಡಂತೆ. ಇನ್ನು ಸ್ತನ ತೆಗೆಸಿದರೆ ಮರಳುವ ಸಾಧ್ಯತೆ ತಗ್ಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ, ಏಕೆಂದರೆ ಎದೆಯ ಚರ್ಮದಡಿ, ಗಾಯದ ಗೆರೆಯ ಬಳಿ ಅದು ಮರಳಬಲ್ಲದು.

ಮರಳುವುದು ಹೆಚ್ಚಿದ್ದರೂ ಸಾವು ಹೆಚ್ಚಲಿಲ್ಲವೇಕೆ ಎಂದು ನೀವು ಕೇಳಬಹುದು. ಸ್ತನದೊಳಗೆ ಇರುವ ಗಡ್ಡೆ ಯಾರನ್ನೂ ಕೊಲ್ಲುವುದಿಲ್ಲ. ಶಸ್ತ್ರಕ್ರಿಯೆಗೂ ಮೊದಲೇ ರಕ್ತದ ಮೂಲಕ ಎಲುಬಿಗೋ ಯಕೃತ್ತಿಗೋ ಹೊರಟುಹೋದ ಜೀವಕೋಶಗಳಿದ್ದರೆ ಆಯುಷ್ಯವನ್ನು ತೀರ್ಮಾನಿಸುವವು ಅವೇ, ಮತ್ತು ಅವು ನನ್ನ ಕತ್ತರಿಗೆ ಸಿಗುವಂಥವಲ್ಲ. ಅವುಗಳಿಗಾಗಿ ಇರುವುದು ಮಾತ್ರೆ ಮತ್ತು ಕೀಮೋ. ಆದ್ದರಿಂದಲೇ, ಪೂರ್ತಿ ತೆಗೆಸಿದರೆ ಕೀಮೋ ತಪ್ಪುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೀಮೋ ಬೇಕೋ ಬೇಡವೋ ಎಂಬುದು ಗಡ್ಡೆಯ ಸ್ವಭಾವ, ಗಾತ್ರ ಮತ್ತು ಗ್ರಂಥಿಗಳ ಮೇಲೆ ನಿಂತಿದೆ.

ಇನ್ನು ನಿಮ್ಮ ವೈದ್ಯರನ್ನು ಕೇಳಬೇಕಾದದ್ದು. ನಿಮಗೆ ಈ ಆಯ್ಕೆ ನಿಜವಾಗಿಯೂ ಇದೆಯೇ ಎಂಬುದು ಮೊದಲ ಪ್ರಶ್ನೆ. ಹಿಂದೆ ಎದೆಗೆ ರೇಡಿಯೇಷನ್ ಆಗಿದ್ದರೆ, ಮ್ಯಾಮೊಗ್ರಾಮಿನಲ್ಲಿ ಸ್ತನದ ಬೇರೆಬೇರೆ ಮೂಲೆಗಳಲ್ಲಿ ಕ್ಯಾನ್ಸರಿನ ಅನುಮಾನ ಹುಟ್ಟಿಸುವ ಸುಣ್ಣದ ಕಣಗಳು ಹರಡಿಕೊಂಡಿದ್ದರೆ, ಚರ್ಮವೇ ಕೆಂಪಾಗಿ ಬಾತುಕೊಳ್ಳುವ ಬಗೆಯ ಕ್ಯಾನ್ಸರ್ ಆಗಿದ್ದರೆ, ಇಲ್ಲವೇ ಗರ್ಭಿಣಿಯಾಗಿದ್ದು ರೇಡಿಯೇಷನನ್ನು ಮುಂದೂಡಲಾಗದಿದ್ದರೆ, ಸ್ತನ ಉಳಿಸುವ ದಾರಿ ಸಾಮಾನ್ಯವಾಗಿ ಮುಚ್ಚುತ್ತದೆ. ಎರಡನೆಯದು ಅನುಪಾತದ ಪ್ರಶ್ನೆ: 1.8 ಸೆಂಟಿಮೀಟರಿನ ಗಡ್ಡೆಯನ್ನು ಸುತ್ತಲಿನ ಒಂದಿಷ್ಟು ಆರೋಗ್ಯವಂತ ಭಾಗದೊಂದಿಗೆ ತೆಗೆದ ಮೇಲೆ ನಿಮ್ಮ ಸ್ತನ ಹೇಗೆ ಉಳಿಯುತ್ತದೆ? ದೊಡ್ಡ ಸ್ತನದಲ್ಲಿ ಗುರುತೂ ಸಿಗದು, ಚಿಕ್ಕದರಲ್ಲಿ ತಗ್ಗು ಬೀಳಬಹುದು. ಮೂರನೆಯದು ಮನೆತನದ ಇತಿಹಾಸ. ಸ್ತನ ಕ್ಯಾನ್ಸರ್ ಯಾರಿಗಾದರೂ ಬಂದಿತ್ತೇ ಎಂದಷ್ಟೇ ಕೇಳಿ ಮುಗಿಸುವವರುಂಟು. ಅಂಡಾಶಯ, ಮೇದೋಜೀರಕ ಗ್ರಂಥಿ ಮತ್ತು ಪ್ರಾಸ್ಟೇಟಿನ ಕ್ಯಾನ್ಸರ್, ಗಂಡಸರ ಸ್ತನ ಕ್ಯಾನ್ಸರ್ ಇವೂ ಲೆಕ್ಕಕ್ಕೆ ಬರುತ್ತವೆ, ತಂದೆಯ ಕಡೆಯವೂ ಸೇರಿ. ಬಂದಿದ್ದರೆ ಜೀನ್ ಪರೀಕ್ಷೆಯ ಫಲಿತಾಂಶ ಕೈಗೆ ಬಂದ ಮೇಲೆ ನಿರ್ಧರಿಸುವುದೇ ಲೇಸು.

ಹನ್ನೆರಡು ದಿನಗಳ ಗಡುವು ಶಿಲಾಶಾಸನವಲ್ಲ. ನಿಮ್ಮ ಬಗೆಯ ಗಡ್ಡೆಗೆ ಎರಡು ಮೂರು ವಾರ ಯೋಚಿಸಿದ್ದರಿಂದ ಗತಿ ಬದಲಾಗುವುದಿಲ್ಲ.

ಎಡಗೈ ಉತ್ತರಿಸಿದ್ದಾರೆ:

ಆರು ವರ್ಷಗಳ ಹಿಂದೆ ನನಗೆ 52 ಆಗಿದ್ದಾಗ ಇದೇ ಎರಡು ವೃತ್ತಗಳನ್ನು ನನಗೂ ಬರೆದು ತೋರಿಸಿದ್ದರು. ನಾನು ಪೂರ್ತಿ ತೆಗೆಸಿಕೊಂಡೆ. ನನ್ನ ಸ್ತನ ಚಿಕ್ಕದು, ಗಡ್ಡೆ ಮೂರು ಸೆಂಟಿಮೀಟರಿಗೆ ಹತ್ತಿರವಿತ್ತು. ಅದಕ್ಕಿಂತ ದೊಡ್ಡ ಕಾರಣವೆಂದರೆ ರೇಡಿಯೇಷನ್ ನನಗೆ ಬೇಡವಾಗಿತ್ತು. ದಿನವೂ ಹೋಗಿಬರುವುದು, ಆ ಯಂತ್ರದ ಕೆಳಗೆ ಒಬ್ಬಳೇ ಮಲಗುವುದು, ಅದನ್ನು ನೆನೆದರೇ ಭಯವಾಗುತ್ತಿತ್ತು. ಒಂದೇ ಏಟಿಗೆ ಮುಗಿಸೋಣ ಎಂದುಕೊಂಡೆ.

ಮುಗಿಯಲಿಲ್ಲ. ಶಸ್ತ್ರಕ್ರಿಯೆಯಲ್ಲಿ ಮೊದಲು ಸೆಂಟಿನೆಲ್ ಗ್ರಂಥಿಗಳನ್ನು, ಎಂದರೆ ಸ್ತನದ ದ್ರವ ಮೊದಲು ಹರಿದು ಸೇರುವ ಒಂದೆರಡು ಗ್ರಂಥಿಗಳನ್ನು, ತೆಗೆದು ನೋಡಿದರು. ಅವುಗಳಲ್ಲಿ ಕ್ಯಾನ್ಸರ್ ಇತ್ತು. ನನ್ನ ವಿಷಯದಲ್ಲಿ ಗ್ರಂಥಿಗಳನ್ನೆಲ್ಲ ತೆಗೆದು ಕಂಕುಳನ್ನು ಪೂರ್ತಿ ತೆರವು ಮಾಡಬೇಕಾಯಿತು, ಅಂತಿಮ ವರದಿಯಲ್ಲಿ ನಾಲ್ಕು ಗ್ರಂಥಿಗಳಲ್ಲಿ ಕ್ಯಾನ್ಸರ್ ಇದೆಯೆಂದು ಬಂತು, ಹಾಗಾಗಿ ಎದೆಗೂ ಕುತ್ತಿಗೆಯ ಬುಡಕ್ಕೂ ರೇಡಿಯೇಷನ್ ಕೊಟ್ಟರು. ಯಾವುದನ್ನು ತಪ್ಪಿಸಿಕೊಳ್ಳಲೆಂದು ಸ್ತನವನ್ನು ಕೊಟ್ಟೆನೋ ಅದೇ ಮನೆ ಬಾಗಿಲಿಗೆ ಬಂತು. ಸ್ತನ ತೆಗೆಸಿದರೂ ನನಗೆ ರೇಡಿಯೇಷನ್ ಬೇಕಾಗುವ ಸಾಧ್ಯತೆ ಎಷ್ಟು ಎಂಬ ಒಂದು ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ಸಾಕಾಗಿತ್ತು. ನೀವು ಕೇಳಿ.

ಆಸ್ಪತ್ರೆಯಿಂದ ಮನೆಗೆ ಬರುವಾಗ ಪಕ್ಕೆಯಿಂದ ಎರಡು ಸಣ್ಣ ಪೈಪುಗಳು ಹೊರಟು ಎರಡು ಪ್ಲಾಸ್ಟಿಕ್ ಬಾಟಲಿಗಳಿಗೆ ಸೇರಿದ್ದವು. ಬೆಳಿಗ್ಗೆ ಸಂಜೆ ಆ ಬಾಟಲಿಯನ್ನು ಬೆಳಕಿಗೆ ಹಿಡಿದು, ಕೆಂಪು ನೀರು ಯಾವ ಗೆರೆಯವರೆಗೆ ಬಂದಿದೆಯೆಂದು ನೋಡಿ, ಮಗಳ ಹಳೆಯ ನೋಟುಬುಕ್ಕಿನಲ್ಲಿ ಬರೆದಿಡುತ್ತಿದ್ದೆ: 110, 95, 80, ಮತ್ತೆ ಯಾಕೋ 90. ದಿನಕ್ಕೆ 30 ಮಿಲಿಲೀಟರಿಗಿಂತ ಕೆಳಗಿಳಿದ ಮೇಲೆ ಪೈಪು ತೆಗೆದರು. ಅದು ಹನ್ನೊಂದನೆಯ ದಿನ. ಈ ಹನ್ನೊಂದು ದಿನಗಳ ಬಗ್ಗೆ ನನಗೆ ಯಾರೂ ಹೇಳಿರಲಿಲ್ಲ. ಮುಂದೆ ಗುಂಡಿಯಿರುವ, ಒಳಗಡೆ ಎರಡು ಜೇಬು ಹೊಲಿದ ಸಡಿಲ ಅಂಗಿಯೊಂದನ್ನು ಸಿದ್ಧವಿಟ್ಟುಕೊಂಡಿದ್ದರೆ ಆ ಬಾಟಲಿಗಳನ್ನು ಕೈಯಲ್ಲಿ ಹಿಡಿದು ತಿರುಗುವುದು ತಪ್ಪುತ್ತಿತ್ತು.

ಈಗ ನನ್ನ ಎಡಗೈ ಬಲಗೈಗಿಂತ ದಪ್ಪ. ಬಿಗಿ ತೋಳುಚೀಲ ಹಾಕಿಕೊಂಡೇ ಇರುತ್ತೇನೆ. ಇದು ಸ್ತನ ತೆಗೆದದ್ದರಿಂದ ಆದದ್ದಲ್ಲ, ಕಂಕುಳಿನಿಂದ ಆದದ್ದು ಎಂಬುದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ಎಲ್ಲರೂ ಸ್ತನದ ಬಗ್ಗೆಯೇ ಚರ್ಚಿಸುತ್ತ ಕಂಕುಳನ್ನು ಮರೆಯುತ್ತಾರೆ. ಮರುರಚನೆ, ಎಂದರೆ ತೆಗೆದ ಜಾಗದಲ್ಲಿ ಸ್ತನದ ಆಕಾರವನ್ನು ಮತ್ತೆ ಕಟ್ಟಿಸಿಕೊಳ್ಳುವುದು, ನನಗೆ ಬೇಕೆನಿಸಲಿಲ್ಲ. ಒಳಉಡುಪಿನಲ್ಲಿ ಸಿಲಿಕೋನ್ ಪ್ಯಾಡ್ ಇಟ್ಟುಕೊಳ್ಳುತ್ತೇನೆ, ಮನೆಯಲ್ಲಿ ಅದೂ ಇಲ್ಲ. ಕನ್ನಡಿಯ ಮುಂದೆ ನಿಲ್ಲಲು ಎರಡು ತಿಂಗಳು ಬೇಕಾಯಿತು. ನನ್ನ ಆಯ್ಕೆಯ ಬಗ್ಗೆ ಪಶ್ಚಾತ್ತಾಪವಿಲ್ಲ. ಆದರೆ ನಾನು ಕೊಟ್ಟುಕೊಂಡ ಕಾರಣ ತಪ್ಪಾಗಿತ್ತು.

ಎರಡು ಹೊಲಿಗೆ ಉತ್ತರಿಸಿದ್ದಾರೆ:

ನಾನು ಸ್ತನ ಉಳಿಸಿಕೊಂಡವಳು. ಆ ದಾರಿಯೂ ಹೂವಿನ ಹಾಸಿಗೆಯಲ್ಲ ಎಂಬುದನ್ನು ಹೇಳಲೆಂದೇ ಬರೆಯುತ್ತಿದ್ದೇನೆ.

ನನ್ನ ಗಡ್ಡೆ ಕೈಗೆ ಸಿಗದಷ್ಟು ಚಿಕ್ಕದಾಗಿದ್ದರಿಂದ ಶಸ್ತ್ರಕ್ರಿಯೆಯ ಬೆಳಿಗ್ಗೆ ಅಲ್ಟ್ರಾಸೌಂಡ್ ನೋಡುತ್ತ ಕೂದಲಿನಷ್ಟು ತೆಳುವಾದ ತಂತಿಯೊಂದನ್ನು ಅದರವರೆಗೆ ತೂರಿಸಿ ಗುರುತುಮಾಡಿದರು. ಅದೇ ಸಂಜೆ ಮನೆಗೆ ಬಂದೆ. ಎಂಟು ದಿನಗಳ ನಂತರ ಪೆಥಾಲಜಿ ವರದಿ ಬಂತು. ತೆಗೆದ ತುಂಡಿನ ಹೊರಮೈಗೆ ಇಂಕು ಬಳಿದು, ಆಮೇಲೆ ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರಂತೆ. ಕ್ಯಾನ್ಸರಿನ ಕೋಶ ಇಂಕನ್ನು ಮುಟ್ಟಿದ್ದರೆ ಅಂಚು ಶುದ್ಧವಾಗಿಲ್ಲವೆಂದು ಅರ್ಥ. ನನ್ನದರಲ್ಲಿ ಒಂದು ಬದಿ ಮುಟ್ಟಿತ್ತು. ಎರಡು ವಾರದ ಮೇಲೆ ಅದೇ ಗಾಯವನ್ನು ಬಿಚ್ಚಿ ಇನ್ನೊಂದು ಪದರ ತೆಗೆದರು. ಇಲ್ಲಿನ ನನ್ನ ಹೆಸರು ಅಲ್ಲಿಂದ ಬಂದದ್ದು. ಸುಮಾರು ಐವರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಮೊದಲೇ ತಿಳಿದಿದ್ದರೆ ಆ ಎರಡು ವಾರ "ನನ್ನ ಶಸ್ತ್ರಕ್ರಿಯೆ ಕೆಟ್ಟುಹೋಯಿತು" ಎಂದು ಕೊರಗುತ್ತಿರಲಿಲ್ಲ. ಎರಡನೆಯ ಸಲವೂ ಅಂಚು ಶುದ್ಧವಾಗದಿದ್ದರೆ ಪೂರ್ತಿ ತೆಗೆಯಬೇಕಾಗಬಹುದು ಎಂದೂ ಹೇಳಿದ್ದರು, ಅದೃಷ್ಟಕ್ಕೆ ಹಾಗಾಗಲಿಲ್ಲ.

ರೇಡಿಯೇಷನ್ ಬಗ್ಗೆ ಎಡಗೈ ಅವರಿಗಿದ್ದ ಭಯ ನನಗೂ ಇತ್ತು. ಎದೆಯ ಮೇಲೆ ಸಾಸಿವೆ ಕಾಳಿಗಿಂತ ಚಿಕ್ಕದಾದ ಮೂರು ಹಚ್ಚೆ ಚುಕ್ಕಿಗಳನ್ನಿಟ್ಟು, ದಿನವೂ ಅವೇ ಚುಕ್ಕಿಗಳಿಗೆ ಯಂತ್ರದ ಬೆಳಕಿನ ಗೆರೆಯನ್ನು ಹೊಂದಿಸುತ್ತಿದ್ದರು. ಹೊಂದಿಸುವುದಕ್ಕೇ ಹತ್ತು ನಿಮಿಷ. ಕಿರಣ ಬೀಳುವುದು ಒಂದೆರಡು ನಿಮಿಷ, ನೋವೇನೂ ಇಲ್ಲ. ಮೊದಲೆಲ್ಲ ಐದಾರು ವಾರ ಕೊಡುತ್ತಿದ್ದರಂತೆ. ನನಗೆ ಮೂರು ವಾರಗಳಲ್ಲಿ 15 ಸಲ, ಮತ್ತೆ ಗಡ್ಡೆಯಿದ್ದ ಜಾಗಕ್ಕಷ್ಟೇ ಇನ್ನೂ ಐದು ಸಲ ಕೊಟ್ಟರು. ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಸಲಕ್ಕೆ ಮುಗಿಸುವ ಕ್ರಮವನ್ನು ಬ್ರಿಟನ್ನಿನ ಪ್ರಯೋಗವೊಂದು 2020ರಲ್ಲಿ ಸಮರ್ಥಿಸಿದೆ. ನಿಮ್ಮ ಕೇಂದ್ರದಲ್ಲಿ ಯಾವ ಕ್ರಮವಿದೆಯೆಂದು ಕೇಳಿ, ಏಕೆಂದರೆ ಒಂದು ವಾರಕ್ಕೂ ಆರು ವಾರಕ್ಕೂ ನಿಮ್ಮ ಕೆಲಸ, ಓಡಾಟ, ಮನೆಯವರ ರಜೆ ಎಲ್ಲದರ ಲೆಕ್ಕವೂ ಬೇರೆಯಾಗುತ್ತದೆ. ಮೂರನೆಯ ವಾರದ ಹೊತ್ತಿಗೆ ಸ್ತನದಡಿಯ ಮಡಿಕೆಯಲ್ಲಿ ಚರ್ಮ ಬಿಸಿಲಿಗೆ ಸುಟ್ಟಂತೆ ಕೆಂಪಾಗಿ ಸುಲಿಯಿತು. ಆಯಾಸ ಮಾತ್ರ ತಿಂಗಳುಗಟ್ಟಲೆ ಇತ್ತು.

ಉಳಿದ ಸ್ತನ ಮೊದಲಿನಂತಿಲ್ಲ. ತುಸು ಚಿಕ್ಕದಾಗಿದೆ, ಗಟ್ಟಿಯಾಗಿದೆ, ತುಸು ಮೇಲಕ್ಕೆ ಎಳೆದಂತಿದೆ. ಆದರೆ ಮುಟ್ಟಿದರೆ ನನ್ನದೆಂದು ತಿಳಿಯುತ್ತದೆ. ವರ್ಷಕ್ಕೊಮ್ಮೆ ಮ್ಯಾಮೊಗ್ರಾಮ್ ಬರುವ ವಾರ ನಾನು ಸರಿಯಾಗಿ ನಿದ್ದೆ ಮಾಡುವುದಿಲ್ಲ, ನಾಲ್ಕು ವರ್ಷವಾದರೂ ಅದು ತಪ್ಪಿಲ್ಲ. ಈ ಒಂದು ವಾರದ ಭಯವನ್ನು ಪ್ರತಿ ವರ್ಷ ಹೊರುವುದು ನಿಮ್ಮ ಸ್ವಭಾವಕ್ಕೆ ಒಗ್ಗುತ್ತದೆಯೇ ಎಂಬುದನ್ನೂ ತಕ್ಕಡಿಗೆ ಹಾಕಿ.

ತಂಗಾಳಿ ಉತ್ತರಿಸಿದ್ದಾರೆ:

ಮುಗಿಲು ಅವರ ಪರಿಚಯದವರಂತೆ ನಾನೂ ಒಂದೇ ಕಡೆ ಗಡ್ಡೆಯಿದ್ದರೂ ಎರಡೂ ಸ್ತನಗಳನ್ನು ತೆಗೆಸಿ, ಅವುಗಳ ಜಾಗದಲ್ಲಿ ಇಂಪ್ಲಾಂಟ್, ಎಂದರೆ ಕೃತಕ ಸ್ತನ, ಹಾಕಿಸಿಕೊಂಡವಳು. ಜೀನ್ ದೋಷವೇನೂ ಇರಲಿಲ್ಲ. "ಇದರಿಂದ ನಿಮಗೆ ಪ್ರಯೋಜನವಿಲ್ಲ" ಎಂದು ವೈದ್ಯರು ಮೂರು ಸಲ ಹೇಳಿದರು. ಆ ವಾಕ್ಯದ ಮೇಲೆ ನನಗೆ ಇನ್ನೂ ಸಿಟ್ಟಿದೆ. ಉಳಿದ ಸ್ತನವನ್ನು ಪ್ರತಿ ರಾತ್ರಿ ತಡವಿ ನೋಡುತ್ತ ಬದುಕುವುದು ನನ್ನಿಂದಾಗದು ಎಂದು ನನಗೆ ಗೊತ್ತಿತ್ತು. ಹಾಗೆ ಬದುಕಬೇಕಾಗಿದ್ದವಳು ನಾನು, ಅವರಲ್ಲ.

ಪ್ರಾಮಾಣಿಕವಾಗಿ ಹೇಳುವುದಾದರೆ ಬೆಲೆಯೂ ದೊಡ್ಡದೇ. ಒಂದು ಕಡೆ ಸೋಂಕಾಗಿ ಇಂಪ್ಲಾಂಟನ್ನು ತೆಗೆದು ಎಂಟು ತಿಂಗಳ ಮೇಲೆ ಮತ್ತೆ ಹಾಕಬೇಕಾಯಿತು. ಎದೆಯಲ್ಲಿ ಸ್ಪರ್ಶಜ್ಞಾನವಿಲ್ಲ, ಯಾರಾದರೂ ಅಪ್ಪಿಕೊಂಡರೆ ಒತ್ತಡ ತಿಳಿಯುತ್ತದೆ, ಬೆಚ್ಚಗೆ ತಿಳಿಯುವುದಿಲ್ಲ. ಇಷ್ಟಾಗಿಯೂ ನನಗೆ ನಿದ್ದೆ ಬರುತ್ತದೆ. ಮತ್ತೆ ಆಯ್ಕೆ ಕೊಟ್ಟರೂ ಇದನ್ನೇ ಮಾಡುತ್ತೇನೆ.

ಹಳೆಯ ಕತ್ತರಿ ಮತ್ತೆ ಬರೆದಿದ್ದಾರೆ:

ತಂಗಾಳಿ ಅವರ ಸಿಟ್ಟು ನ್ಯಾಯವಾದದ್ದು. "ಪ್ರಯೋಜನವಿಲ್ಲ" ಎನ್ನುವ ಬದಲು "ಆಯುಷ್ಯ ಹೆಚ್ಚುವುದಿಲ್ಲ" ಎಂದು ನಾವು ಹೇಳಬೇಕಿತ್ತು. ನೆಮ್ಮದಿಯ ನಿದ್ದೆಯೂ ಪ್ರಯೋಜನವೇ. ಆದರೆ ಆ ನೆಮ್ಮದಿಗಾಗಿ ಏನನ್ನು ಕೊಡುತ್ತಿದ್ದೇವೆ ಎಂಬುದು ಸರಿಯಾದ ಅಂಕಿಗಳ ಮೇಲೆ ನಿಂತಿರಬೇಕು. ಜೀನ್ ದೋಷವಿಲ್ಲದವರಲ್ಲಿ ಇನ್ನೊಂದು ಸ್ತನಕ್ಕೆ ಹೊಸದಾಗಿ ಕ್ಯಾನ್ಸರ್ ಬರುವ ಸಾಧ್ಯತೆ ವರ್ಷಕ್ಕೆ ಹೆಚ್ಚೆಂದರೆ ಶೇ. ಅರ್ಧದ ಆಸುಪಾಸು, ಹಾರ್ಮೋನ್ ಮಾತ್ರೆ ನುಂಗುವವರಲ್ಲಿ ಇನ್ನೂ ಕಡಿಮೆ. ನನ್ನ ಮುಂದೆ ಕುಳಿತವರನ್ನು "ನಿಮ್ಮ ಅಂದಾಜು ಎಷ್ಟು?" ಎಂದು ಕೇಳಿದಾಗ ಬಹುತೇಕರು ಇದರ ಹಲವು ಪಟ್ಟು ಹೇಳುತ್ತಿದ್ದರು. ಮೊದಲ ಗಡ್ಡೆ ಇನ್ನೊಂದು ಸ್ತನಕ್ಕೆ ದಾಟಿಹೋಗುತ್ತದೆ ಎಂಬ ತಪ್ಪು ಕಲ್ಪನೆ ಅದರ ಹಿಂದಿರುತ್ತಿತ್ತು. ಬಿಆರ್‌ಸಿಎ ಜೀನ್‌ಗಳಲ್ಲಿ, ಎಂದರೆ ಕೆಟ್ಟರೆ ಸ್ತನ ಮತ್ತು ಅಂಡಾಶಯದ ಕ್ಯಾನ್ಸರಿನ ಸಾಧ್ಯತೆಯನ್ನು ಬಹಳ ಹೆಚ್ಚಿಸುವ, ಮನೆತನದಲ್ಲಿ ಹರಿದುಬರುವ ಜೀನ್‌ಗಳಲ್ಲಿ, ದೋಷವಿದ್ದರೆ ಮಾತು ಬೇರೆ. 2017ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಂತೆ, 20 ವರ್ಷಗಳಲ್ಲಿ ಇನ್ನೊಂದು ಸ್ತನಕ್ಕೂ ಬರುವ ಸಾಧ್ಯತೆ ಬಿಆರ್‌ಸಿಎ-1 ದೋಷವಿರುವವರಲ್ಲಿ ಸುಮಾರು ಶೇ. 40, ಬಿಆರ್‌ಸಿಎ-2 ದೋಷವಿರುವವರಲ್ಲಿ ಸುಮಾರು ಶೇ. 26. ನಟಿ ಆಂಜೆಲಿನಾ ಜೋಲಿ 2013ರಲ್ಲಿ ತಾವು ಎರಡೂ ಸ್ತನಗಳನ್ನು ತೆಗೆಸಿಕೊಂಡದ್ದನ್ನು ಪ್ರಕಟಿಸಿದ ಮೇಲೆ ಅನೇಕರು ಅದನ್ನೇ ಕೇಳತೊಡಗಿದರು. ಆದರೆ ಅವರಿಗೆ ಬಿಆರ್‌ಸಿಎ-1 ದೋಷವಿತ್ತು, ಕ್ಯಾನ್ಸರ್ ಇರಲಿಲ್ಲ ಎಂಬ ಎರಡು ಮಾತುಗಳು ಕೇಳುವವರ ನೆನಪಿನಲ್ಲಿ ಉಳಿದಿರುತ್ತಿರಲಿಲ್ಲ.

ಎಡಗೈ ಅವರು ಎತ್ತಿದ ಕಂಕುಳಿನ ವಿಷಯ ಬಹಳ ಮುಖ್ಯ. ಕಂಕುಳನ್ನು ಪೂರ್ತಿ ತೆರವು ಮಾಡಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಕೈಬಾವು ಬರುತ್ತದೆ, ಸೆಂಟಿನೆಲ್ ಗ್ರಂಥಿಗಳನ್ನಷ್ಟೇ ತೆಗೆಸಿಕೊಂಡವರಲ್ಲಿ ಇಪ್ಪತ್ತರಲ್ಲಿ ಒಬ್ಬರ ಆಸುಪಾಸು. ಈಗ ಸ್ತನ ಉಳಿಸಿಕೊಂಡು ರೇಡಿಯೇಷನ್ ಪಡೆಯುವವರಲ್ಲಿ ಒಂದೆರಡು ಸೆಂಟಿನೆಲ್ ಗ್ರಂಥಿಗಳಲ್ಲಷ್ಟೇ ಕ್ಯಾನ್ಸರ್ ಸಿಕ್ಕಿದರೆ ಬಹಳಷ್ಟು ಸಲ ಕಂಕುಳನ್ನು ಪೂರ್ತಿ ತೆಗೆಯುವುದಿಲ್ಲ. ಹೀಗಾಗಿ, ಕೆಲವರ ಪಾಲಿಗೆ ಸ್ತನವನ್ನು ಉಳಿಸಿಕೊಳ್ಳುವ ಆಯ್ಕೆ ಕೈಯನ್ನೂ ಉಳಿಸುತ್ತದೆ. ಇದನ್ನು ಸಲಹೆ ಕೊಡುವಾಗ ಹೇಳುವವರು ಕಡಿಮೆ.

ಮರುರಚನೆಯ ಬಗ್ಗೆ ಒಂದು ಮಾತು. ಸ್ತನ ತೆಗೆದ ಮೇಲೆ ರೇಡಿಯೇಷನ್ ಬೇಕಾಗುವ ಸಾಧ್ಯತೆಯಿದ್ದರೆ, ಇಂಪ್ಲಾಂಟಿನ ಸುತ್ತ ಗಾಯದ ಪೊರೆ ಬಿಗಿದು ಗಟ್ಟಿಯಾಗುವುದು ಹೆಚ್ಚು. ಆಗ ಹೊಟ್ಟೆಯ ಅಥವಾ ಬೆನ್ನಿನ ಸ್ವಂತ ಮಾಂಸದಿಂದ ಕಟ್ಟುವುದೋ, ಮರುರಚನೆಯನ್ನೇ ಮುಂದೂಡುವುದೋ ಮೇಲು ಎನ್ನಬಹುದು. ಆದ್ದರಿಂದ ಪ್ಲಾಸ್ಟಿಕ್ ಸರ್ಜನ್ನರನ್ನು ಕಾಣುವುದಿದ್ದರೆ ಸ್ತನ ತೆಗೆಸುವ ಮೊದಲೇ ಕಾಣಿ. ಮರುರಚನೆ ಬೇಡವೆಂದರೆ ಅದನ್ನೂ ಸ್ಪಷ್ಟವಾಗಿ ಹೇಳಿ. ಎದೆ ಸಪಾಟಾಗಿ, ಚರ್ಮದ ಮಡಿಕೆ ಉಳಿಯದಂತೆ ಹೊಲಿಯುವುದೂ ಒಂದು ಕೌಶಲ. ಮೊದಲೇ ಹೇಳದಿದ್ದರೆ "ಮುಂದೆ ಬೇಕಾದೀತು" ಎಂದು ಸಡಿಲ ಚರ್ಮವನ್ನು ಉಳಿಸುವ ಶಸ್ತ್ರವೈದ್ಯರಿದ್ದಾರೆ.

ಈ ಚರ್ಚೆಯನ್ನು ಬೇರೆ ವಯಸ್ಸಿನವರೂ ಓದುತ್ತಿರಬಹುದು. 65 ಅಥವಾ 70 ದಾಟಿದವರಲ್ಲಿ, ಗಡ್ಡೆ ಚಿಕ್ಕದಾಗಿದ್ದು ಹಾರ್ಮೋನ್ ಪಾಸಿಟಿವ್ ಆಗಿದ್ದು ಗ್ರಂಥಿಗಳು ಶುದ್ಧವಾಗಿದ್ದರೆ, ಮಾತ್ರೆಗಳನ್ನು ತಪ್ಪದೆ ನುಂಗುವ ಷರತ್ತಿನ ಮೇಲೆ ರೇಡಿಯೇಷನನ್ನೇ ಬಿಡುವುದೂ ಉಂಟು. ಇನ್ನು ಗಡ್ಡೆ ದೊಡ್ಡದಾಗಿದ್ದರೆ ಮೊದಲು ಕೀಮೋ ಕೊಟ್ಟು ಕುಗ್ಗಿಸಿ, ಆಮೇಲೆ ಸ್ತನ ಉಳಿಸುವ ಶಸ್ತ್ರಕ್ರಿಯೆ ಮಾಡುವ ದಾರಿಯೂ ಇದೆ. ಮುಗಿಲು ಅವರಿಗೆ ಇವೆರಡೂ ಸಂಬಂಧಿಸಿದ್ದಲ್ಲ.

ಮುಗಿಲು ಮತ್ತೆ ಬರೆದಿದ್ದಾರೆ:

ಎಲ್ಲರ ಉತ್ತರಗಳನ್ನೂ ಎರಡೆರಡು ಸಲ ಓದಿ, ಒಂದು ಹಾಳೆಯಲ್ಲಿ ಪ್ರಶ್ನೆಗಳನ್ನು ಬರೆದುಕೊಂಡು ನಿನ್ನೆ ವೈದ್ಯರನ್ನು ಮತ್ತೆ ಕಂಡೆ. ಈ ಸಲ ಅಕ್ಕನೂ ಬಂದಿದ್ದಳು.

ನನ್ನ ಸ್ತನದ ಗಾತ್ರಕ್ಕೆ ಗಡ್ಡೆ ತೆಗೆದ ಮೇಲೆ ಆಕಾರ ಬಹಳ ಕೆಡುವುದಿಲ್ಲ, ಪಕ್ಕದ ಭಾಗವನ್ನು ಸರಿಸಿ ತಗ್ಗು ತುಂಬಬಹುದು ಎಂದರು. ಅಲ್ಲಿ ರೇಡಿಯೇಷನ್ ಮೂರು ವಾರ. ಪೂರ್ತಿ ತೆಗೆಸಿದರೆ ರೇಡಿಯೇಷನ್ ತಪ್ಪುವ ಸಾಧ್ಯತೆಯೇ ಹೆಚ್ಚು, ಆದರೆ ಗ್ರಂಥಿಗಳ ವರದಿ ಬರುವವರೆಗೆ ಮಾತು ಕೊಡಲಾರೆ ಎಂದರು. ಇದೇ ಉತ್ತರವನ್ನು ಎಡಗೈ ಅವರು ಆರು ವರ್ಷಗಳ ಹಿಂದೆ ಕೇಳಿಸಿಕೊಳ್ಳಬೇಕಿತ್ತು ಎಂದು ನನಗನಿಸಿತು. ಇವೆಲ್ಲ ಕೇಳಿದ ಮೇಲೆ ನನ್ನ ಮನಸ್ಸು ಉಳಿಸಿಕೊಳ್ಳುವ ಕಡೆಗೇ ವಾಲಿತ್ತು. ವರ್ಷಕ್ಕೊಂದು ವಾರದ ಭಯವನ್ನು ನಾನು ಹೊರಬಲ್ಲೆ. ಇಲ್ಲದ ಸ್ತನವನ್ನು ದಿನವೂ ಹೊರುವುದು ನನಗೆ ಹೆಚ್ಚು ಕಷ್ಟ.

ಆಮೇಲೆ ಹಳೆಯ ಕತ್ತರಿಯವರು ಹೇಳಿದ ಮೂರನೆಯ ಪ್ರಶ್ನೆಗೆ ಬಂದೆ. ನಮ್ಮ ಚಿಕ್ಕಮ್ಮ, ಅಮ್ಮನ ತಂಗಿ, 51ನೆಯ ವಯಸ್ಸಿನಲ್ಲಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡರು. ಹಿಂದಿನ ಸಲ ಸ್ತನ ಕ್ಯಾನ್ಸರ್ ಬಗ್ಗೆ ಮಾತ್ರ ಕೇಳಿದ್ದರಿಂದ ನಾನು "ಯಾರಿಗೂ ಇಲ್ಲ" ಎಂದುಬಿಟ್ಟಿದ್ದೆ. ಇದನ್ನು ಹೇಳಿದ ಕೂಡಲೇ ವೈದ್ಯರು ಪೆನ್ನು ಕೆಳಗಿಟ್ಟರು. ರಕ್ತದ ಮಾದರಿಯನ್ನು ಅದೇ ದಿನ ಜೀನ್ ಪರೀಕ್ಷೆಗೆ ಕಳಿಸಿದ್ದಾರೆ, ಶಸ್ತ್ರಕ್ರಿಯೆಯನ್ನು ಮೂರು ವಾರ ಮುಂದಕ್ಕೆ ಹಾಕಿದ್ದಾರೆ. ದೋಷವಿಲ್ಲವೆಂದು ಬಂದರೆ ಗಡ್ಡೆಯಷ್ಟನ್ನೇ ತೆಗೆಸುತ್ತೇನೆ. ಇದೆಯೆಂದು ಬಂದರೆ ಎರಡೂ ಕಡೆಯ ಮಾತು, ಅಂಡಾಶಯದ ಮಾತು, ಎಲ್ಲವನ್ನೂ ಮೊದಲಿನಿಂದ ಆಡಬೇಕು. ತಂಗಾಳಿ ಅವರೇ, ಆಗ ನಿಮ್ಮನ್ನು ಮತ್ತೆ ಕೇಳುವುದು ಬಹಳವಿದೆ.

ದೋಷವಿದ್ದರೆ ಒಡಹುಟ್ಟಿದವರೂ ಪರೀಕ್ಷೆ ಮಾಡಿಸಿಕೊಳ್ಳಬೇಕಾಗುತ್ತದೆ, ಅವರಲ್ಲೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ ಎಂದು ವೈದ್ಯರು ಅಕ್ಕನ ಕಡೆ ನೋಡಿ ಹೇಳಿದರು. ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ. ಮನೆಗೆ ಬಂದ ಮೇಲೆ ಊಟದ ಮೇಜಿನ ಮುಂದೆ ಕುಳಿತು, ಆ ಚೀಟಿಯನ್ನು ತನ್ನ ಕಡೆಗೆ ಎಳೆದುಕೊಂಡು, ಎರಡು ವೃತ್ತಗಳನ್ನು ಬಹಳ ಹೊತ್ತು ನೋಡುತ್ತಿದ್ದಳು.